ದಿನವೊಂದು, ಸ್ಮರಣೆ ಹಲವು

ಯುಗಾದಿಯಂದು ನೂತನ ಪಂಚಾಂಗವು ಮನೆಗೆ ಬಂದೊಡನೆ ನಾವು ಎರಡು ಬಗೆಯ ತಿಥಿಗಳನ್ನು ಅದರಲ್ಲಿ ಹುಡುಕುತ್ತೇವೆ. ಹಬ್ಬಗಳು, ಏಕಾದಶಿಗಳು, ಗುರುಗಳ ಆರಾಧನೆಗಳು ಯಾವಾಗ ಎಂದು ನೋಡುವುದು ಒಂದು. ಮನೆಯ ಹಿರಿಯರ ಶ್ರಾದ್ಧ ಎಂದು ಬರುವುದೆಂದು ಗುರುತುಮಾಡಿಕೊಳ್ಳುವುದು ಇನ್ನೊಂದು. ಕೆಲವು ಮನೆಗಳಲ್ಲಿ ಈ ಎರಡು ಗುರುತುಗಳೂ ಒಂದೇ ದಿನದ ಮೇಲೆ ಬೀಳುತ್ತವೆ. ಆಗ ಮನಸ್ಸಿನಲ್ಲಿ ಪ್ರಶ್ನೆಯೊಂದು ಏಳುತ್ತದೆ: ಆ ದಿನವು ಶುಭವೋ, ಅಶುಭವೋ? ದಿನಕ್ಕೆ ತನ್ನದೇ ಆದ ಗುಣದೋಷಗಳಿವೆಯೋ, ಅಥವಾ ಅಂದು ನಡೆದ ಘಟನೆಗಳಿಂದ ಅವು ಬರುವುವೋ?

ಸುಬ್ರಹ್ಮಣ್ಯಪುರದ ವಾಸಿಗಳಾದ ನಮಗೆ ಊರಿನ ಹೆಸರೇ ಒಂದು ತಿಥಿಯನ್ನು ನೆನಪಿಗೆ ತರುತ್ತದೆ. ಮಾರ್ಗಶಿರ ಶುದ್ಧ ಷಷ್ಠಿಯಂದು ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಹ್ಮರಥೋತ್ಸವ. ಅದೇ ಚಂಪಾಷಷ್ಠಿಯಂದು ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬನ ಉತ್ಸವ. ತಿಥಿ ಒಂದೇ; ಭಕ್ತರು ಬೇರೆ, ನೆನೆಯುವ ಕಥೆಯೂ ಬೇರೆ.

ವಿಜಯದಶಮಿಯನ್ನು ನೋಡೋಣ. ಕ್ರಿ.ಶ. 1238ರ ವಿಲಂಬಿ ಸಂವತ್ಸರದ ಆಶ್ವಯುಜ ಶುದ್ಧ ದಶಮಿಯಂದು ಪಾಜಕ ಕ್ಷೇತ್ರದಲ್ಲಿ ಶ್ರೀಮದಾಚಾರ್ಯರ ಅವತಾರವಾಯಿತು. ನಮಗೆ ಅದು ಮಧ್ವಜಯಂತಿ. ಮೈಸೂರಿನವರಿಗೆ ಅದು ಜಂಬೂಸವಾರಿಯ ದಿನ; ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಮುಕ್ತಾಯ. ಶಿರಡಿಯ ಸಾಯಿಬಾಬಾ ಅವರು ದೇಹತ್ಯಾಗಮಾಡಿದ್ದು 1918ರ ಅಕ್ಟೋಬರ್ 15ರಂದು, ಅಂದೂ ವಿಜಯದಶಮಿಯೇ. 1956ರ ಅಕ್ಟೋಬರ್ 14ರ ವಿಜಯದಶಮಿಯಂದು ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಮತವನ್ನು ಸ್ವೀಕರಿಸಿದರು. ಒಬ್ಬರ ಜನನ, ಒಬ್ಬರ ನಿರ್ಯಾಣ, ಒಂದು ರಾಜ್ಯದ ಉತ್ಸವ, ಒಂದು ಸಮುದಾಯದ ಹೊಸ ಹೆಜ್ಜೆ ಇವೆಲ್ಲಕ್ಕೂ ಒಂದೇ ದಶಮಿಯು ಆಶ್ರಯವಾಗಿದೆ.

ಇನ್ನು ಅಮಾವಾಸ್ಯೆ. ಪ್ರಯಾಣಕ್ಕೂ ಹೊಸ ಕೆಲಸಕ್ಕೂ ಜನರು ಅದನ್ನು ಒಲ್ಲರು. ಆದರೆ ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯಂದು ಶ್ರೀ ಪುರಂದರದಾಸರು ಹರಿಪಾದವನ್ನು ಸೇರಿದರು. ಅಂದಿನಿಂದ ಆ ಅಮಾವಾಸ್ಯೆಯು ದಾಸವಾಣಿಯ ದಿನವಾಯಿತು. ಜನರು ಹೆದರಿ ದೂರವಿಡುವ ಕತ್ತಲೆಯ ದಿನವನ್ನೇ ಒಬ್ಬ ಹರಿದಾಸನ ಸ್ಮರಣೆಯು ಗಾನದಿಂದ ತುಂಬಿತು. ದೀಪಾವಳಿಯ ಲಕ್ಷ್ಮೀಪೂಜೆಯೂ ಅಮಾವಾಸ್ಯೆಯಂದೇ ನಡೆಯುವುದಲ್ಲವೆ?

ಫಾಲ್ಗುಣ ಮಾಸದಲ್ಲಿ ಇನ್ನೊಂದು ವಿಶೇಷವಿದೆ. ಶ್ರೀ ವ್ಯಾಸರಾಜರು 1539ರಲ್ಲಿ, ಫಾಲ್ಗುಣ ಬಹುಳ ಚತುರ್ಥಿಯಂದು ವೃಂದಾವನಸ್ಥರಾದರು. ಆನೆಗೊಂದಿಯ ನವವೃಂದಾವನದಲ್ಲಿ ಅವರ ಸನ್ನಿಧಾನವಿದೆ. ಅವರಲ್ಲಿ ವಿದ್ಯೆಯನ್ನು ಪಡೆದ ಶ್ರೀ ವಾದಿರಾಜರು ಸುಮಾರು ಆರು ದಶಕಗಳ ಅನಂತರ, ಫಾಲ್ಗುಣ ಬಹುಳ ತದಿಗೆಯಂದು ಸೋದೆಯಲ್ಲಿ ವೃಂದಾವನ ಪ್ರವೇಶಮಾಡಿದರು. ಪಂಚಾಂಗದಲ್ಲಿ ಶಿಷ್ಯರ ಆರಾಧನೆಯು ಮೊದಲು, ಗುರುಗಳ ಆರಾಧನೆಯು ಮರುದಿನ. ಪಂಚಾಂಗದ ಕ್ರಮವೇ ಇತಿಹಾಸದ ಕ್ರಮವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಇಂಗ್ಲಿಷ್ ದಿನಾಂಕಗಳಲ್ಲಿಯೂ ಇಂಥ ಕೂಡುವಿಕೆಗಳಿವೆ. ಸಂಗೊಳ್ಳಿ ರಾಯಣ್ಣನು ಜನಿಸಿದ್ದು 1798ರ ಆಗಸ್ಟ್ 15ರಂದು ಎಂಬುದು ಪ್ರಸಿದ್ಧಿ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಒಂದು ಸ್ವಾತಂತ್ರ್ಯದ ದಿನವಾಯಿತು, ಇನ್ನೊಂದು ಗಣರಾಜ್ಯದ ದಿನವಾಯಿತು. ನೇಣಿನ ಕೆಳಗೆ ನಿಂತ ಆ ವೀರನಿಗೆ ಇದು ತಿಳಿದಿರಲು ಸಾಧ್ಯವಿರಲಿಲ್ಲ. 1950ರಲ್ಲಿ ಸಂವಿಧಾನಕ್ಕೆ ಜನವರಿ 26ನ್ನು ಆರಿಸಿದವರಾದರೂ ರಾಯಣ್ಣನನ್ನು ನೆನೆದು ಆರಿಸಿದವರಲ್ಲ. 1930ರ ಅದೇ ದಿನಾಂಕದಂದು ದೇಶವು ಪೂರ್ಣಸ್ವರಾಜ್ಯದ ಪ್ರತಿಜ್ಞೆ ಮಾಡಿತ್ತೆಂಬ ಕಾರಣದಿಂದ, 1949ರ ನವೆಂಬರ್ 26ರಂದೇ ಅಂಗೀಕೃತವಾಗಿದ್ದ ಸಂವಿಧಾನವನ್ನು ಎರಡು ತಿಂಗಳು ಕಾದು ಜಾರಿಗೆ ತಂದರು. ಹೀಗೆ ಕೆಲವು ಕೂಡುವಿಕೆಗಳು ಮನುಷ್ಯ ಸಂಕಲ್ಪದಿಂದ ಆದವು. ಕೆಲವು ನಮ್ಮ ಬುದ್ಧಿಗೆ ಕಾರಣವು ಕಾಣದಂತೆ ಆದವು.

ಕೆಲವೊಮ್ಮೆ ಒಂದೇ ದಿನವೆಂದು ತೋರುವುದು ಒಂದೇ ದಿನವಾಗಿರುವುದೂ ಇಲ್ಲ. ಇಂಗ್ಲೆಂಡಿನ ಷೇಕ್ಸ್‌ಪಿಯರ್, ಸ್ಪೇನ್ ದೇಶದ ಸರ್ವಾಂಟಿಸ್ ಇಬ್ಬರ ಮರಣಕ್ಕೂ 1616ರ ಏಪ್ರಿಲ್ 23 ಎಂಬ ದಿನಾಂಕವನ್ನು ಹೇಳುವ ವಾಡಿಕೆಯಿದೆ. ಆದರೆ ಆಗ ಆ ಎರಡು ದೇಶಗಳ ಕ್ಯಾಲೆಂಡರುಗಳಿಗೆ ಹತ್ತು ದಿನಗಳ ಅಂತರವಿತ್ತು. ನಮ್ಮಲ್ಲಿಯೇ ನೋಡಿದರೆ, ಉಡುಪಿಯಲ್ಲಿ ಶ್ರೀಕೃಷ್ಣಜಯಂತಿಯು ಸೌರಮಾನದ ಸಿಂಹಮಾಸದಲ್ಲಿ. ಚಾಂದ್ರಮಾನವನ್ನು ಅನುಸರಿಸುವವರಿಗೆ ಶ್ರಾವಣ ಬಹುಳ ಅಷ್ಟಮಿಯಂದು. ಕೆಲವು ವರ್ಷ ಎರಡಕ್ಕೂ ಒಂದು ತಿಂಗಳಷ್ಟು ಅಂತರವಾಗುವುದುಂಟು. ಎರಡು ಕಡೆಯ ಅರ್ಘ್ಯವನ್ನೂ ಸ್ವೀಕರಿಸುವವನು ಒಬ್ಬನೇ ಕೃಷ್ಣ.

ಇಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತವು ನಮಗೆ ದಾರಿತೋರುತ್ತದೆ. ಸ್ವತಂತ್ರತತ್ತ್ವವು ಶ್ರೀಹರಿಯೊಬ್ಬನೇ, ಕಾಲವು ಜಡ, ಪರತಂತ್ರ. ತತ್ತ್ವಸಂಖ್ಯಾನದಲ್ಲಿ ಆಚಾರ್ಯರು ಕಾಲವನ್ನು ನಿತ್ಯಾನಿತ್ಯಗಳ ಗುಂಪಿನಲ್ಲಿ ಸೇರಿಸಿದ್ದಾರೆ. ಪ್ರವಾಹರೂಪದಿಂದ ಅದು ನಿತ್ಯ. ಅದರೊಳಗಿನ ಕ್ಷಣಗಳು ಬಂದು ಹೋಗುವಂಥವು. ಜಡಕ್ಕೂ ಜಡಕ್ಕೂ ಭೇದವಿದೆಯೆಂಬುದು ಪಂಚಭೇದಗಳಲ್ಲಿ ಒಂದು. ಆದ್ದರಿಂದ 1238ರ ದಶಮಿಯೂ ಈ ವರ್ಷದ ದಶಮಿಯೂ ಒಂದೇ ದಿನವಲ್ಲ. ಅವುಗಳ ಹೆಸರು ಮಾತ್ರ ಒಂದು. ನಿತ್ಯವೂ ನಾವು ಮಾಡುವ ಸಂಕಲ್ಪವೂ ಇದನ್ನೇ ಸೂಚಿಸುತ್ತದೆ. ಅಲ್ಲಿ ತಿಥಿಯನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಕಲ್ಪ, ಮನ್ವಂತರ, ಯುಗ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ವಾರ, ನಕ್ಷತ್ರಗಳನ್ನೆಲ್ಲ ಹೇಳುತ್ತೇವೆ. ಇಷ್ಟು ವಿಶೇಷಣಗಳನ್ನು ಹೊತ್ತ ದಿನವು ಇನ್ನೊಮ್ಮೆ ಬಾರದು.

ಹಾಗಾದರೆ ಏಕಾದಶಿಗೆ ಮಹತ್ತ್ವವೇಕೆ, ಆರಾಧನೆಯನ್ನು ಆ ತಿಥಿಯಂದೇ ಮಾಡುವುದೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಇದು ತಳ್ಳಿಹಾಕುವ ಆಕ್ಷೇಪವಲ್ಲ. ಪ್ರತಿಮೆಯನ್ನು ನೆನೆದರೆ ಸಮಾಧಾನ ದೊರೆಯುತ್ತದೆ. ಶಿಲೆಯೇ ಹರಿಯಲ್ಲ, ಆದರೂ ಶಾಸ್ತ್ರವಿಧಿಯಿಂದ ಪ್ರತಿಷ್ಠಿತವಾದ ಪ್ರತಿಮೆಯಲ್ಲಿ ಹರಿಯ ಸನ್ನಿಧಾನವಿದೆಯೆಂದು ತಿಳಿದು ಪೂಜಿಸುತ್ತೇವೆ. ತಿಥಿಯೂ ಹಾಗೆಯೇ. ಅದರ ಪಾವಿತ್ರ್ಯವು ಹರಿಯ ಇಚ್ಛೆಯಿಂದ, ಶಾಸ್ತ್ರದ ವಿಧಿಯಿಂದ, ಮಹಾತ್ಮರ ಸ್ಮರಣೆಯಿಂದ ಬಂದುದು. ಜಡವಾದ ಕಾಲದ ಸ್ವಂತ ಶಕ್ತಿಯಿಂದಲ್ಲ. ಪಿತೃಗಳ ತಿಥಿಯು ಏಕಾದಶಿಯಂದು ಬಂದರೆ ನಮ್ಮ ಸಂಪ್ರದಾಯದಲ್ಲಿ ಶ್ರಾದ್ಧವನ್ನು ದ್ವಾದಶಿಯಂದು ಮಾಡುತ್ತೇವೆ. ತಿಥಿಯು ಸ್ವತಂತ್ರವಾಗಿದ್ದರೆ ಅದನ್ನು ಹೀಗೆ ಮುಂದಕ್ಕೆ ಸರಿಸುವ ಅಧಿಕಾರವು ಎಲ್ಲಿಂದ ಬರುತ್ತಿತ್ತು?

ಈ ವಿಚಾರವು ಪಂಡಿತರ ವಾಕ್ಯಾರ್ಥಕ್ಕೆ ಮಾತ್ರ ಸೇರಿದ್ದಲ್ಲ, ಅಡಿಗೆಮನೆಯ ಮಾತಿಗೂ ಸೇರಿದ್ದು. ಮಗು ಹುಟ್ಟಿದ ದಿನವೇ ಅಜ್ಜನು ತೀರಿಕೊಂಡರೆ "ಕೂಸಿನ ಕಾಲ್ಗುಣ" ಎನ್ನುವವರಿದ್ದಾರೆ. ಸೊಸೆಯು ಮನೆ ತುಂಬಿದ ದಿನವೇ ಹಾನಿಯೊಂದು ಸಂಭವಿಸಿದರೆ ಆ ಮಾತು ಅವಳ ಬೆನ್ನಿಗೆ ಆಯುಷ್ಯಪೂರ್ತಿ ಅಂಟಿಕೊಳ್ಳುತ್ತದೆ. ಹೀಗೆ ಆಡುವವರು ದುಷ್ಟರೇನಲ್ಲ. ದುಃಖಕ್ಕೆ ಕಾರಣವೊಂದನ್ನು ಹುಡುಕುವುದು ಮನುಷ್ಯಸ್ವಭಾವ. ಆದರೆ ಸಿದ್ಧಾಂತವನ್ನು ಬಲ್ಲವರು ಇದನ್ನು ಒಪ್ಪಲಾಗದು. ಜೀವರಿಗೆ ಪರಸ್ಪರ ಭೇದವಿದೆ. ಅಜ್ಜನ ಆಯುಷ್ಯವು ಮುಗಿದದ್ದು ಅವನ ಪ್ರಾರಬ್ಧದಿಂದ, ಹರಿಯ ಇಚ್ಛೆಯಿಂದ. ಅದನ್ನು ಎಳೆಗೂಸಿನ ಮೇಲೆ ಹೊರಿಸುವುದೆಂದರೆ ಜೀವಭೇದವನ್ನು ಮರೆತಂತೆ. ಹರಿಗೆ ಮಾತ್ರ ಇರುವ ಸ್ವಾತಂತ್ರ್ಯವನ್ನು ಒಂದು ಘಳಿಗೆಗೋ ಒಂದು ಕಾಲ್ಗುಣಕ್ಕೋ ಕೊಟ್ಟಂತೆ. ನಿತ್ಯವೂ ತಾರತಮ್ಯ ಪಂಚಭೇದಗಳನ್ನು ಕೊಂಡಾಡುವ ನಾಲಗೆಯಿಂದ ಅಂಥ ಮಾತು ಬರಬಾರದು.

ಹಾಗೆಂದು ದುಃಖವನ್ನು ಮರೆಯಬೇಕೆಂದಲ್ಲ. ಮುಂದಿನ ವರ್ಷಗಳಲ್ಲಿ ಆ ತಿಥಿಯು ಬಂದಾಗ ಅಪರಾಹ್ನದಲ್ಲಿ ಶ್ರಾದ್ಧವು ಶ್ರದ್ಧೆಯಿಂದ ನಡೆಯಲಿ. ಮಗುವಿನ ಹುಟ್ಟುಹಬ್ಬವನ್ನು ಜನ್ಮನಕ್ಷತ್ರದಂದು ಆರತಿ ಬೆಳಗಿ ಆಚರಿಸಲಿ. ಮಗುವಿಗೆ ತಿಳಿವಳಿಕೆ ಬಂದಾಗ, "ನೀನು ಹುಟ್ಟಿದ ದಿನ ಅಜ್ಜನನ್ನು ಕಳೆದುಕೊಂಡೆವು" ಎನ್ನುವುದಕ್ಕೆ ಬದಲಾಗಿ "ಅಜ್ಜನು ಹರಿಪಾದ ಸೇರಿದ ದಿನ ಹರಿಯು ನಿನ್ನನ್ನು ನಮಗೆ ಕೊಟ್ಟನು" ಎಂದು ಹೇಳೋಣ. ಎರಡು ಮಾತಿನ ಸಂಗತಿಯೂ ಒಂದೇ. ಮೊದಲನೆಯದನ್ನು ಕೇಳಿ ಬೆಳೆದ ಮಗು ತನ್ನ ಜನ್ಮದಿನವನ್ನು ಕಂಡು ನಾಚುತ್ತದೆ. ಎರಡನೆಯದನ್ನು ಕೇಳಿ ಬೆಳೆದದ್ದು ಅಜ್ಜನ ಪಿಂಡಪ್ರದಾನದ ವೇಳೆಗೆ ತಾನಾಗಿಯೇ ಬಂದು ಕೈಮುಗಿದು ನಿಲ್ಲುತ್ತದೆ.

ಯತಿಗಳ ನಿರ್ಯಾಣವನ್ನು ನಾವು ಶೋಕದಿನವಾಗಿ ಕಾಣುವುದಿಲ್ಲ. 1671ರಲ್ಲಿ ಶ್ರಾವಣ ಬಹುಳ ಬಿದಿಗೆಯಂದು ಶ್ರೀ ರಾಘವೇಂದ್ರತೀರ್ಥರು ಮಂತ್ರಾಲಯದಲ್ಲಿ ವೃಂದಾವನ ಪ್ರವೇಶಮಾಡಿದರು. ಆ ದಿನದ ಮಧ್ಯಾರಾಧನೆಗೆ ನಾವು ಪಂಚಾಮೃತಾಭಿಷೇಕ, ಅಲಂಕಾರ, ಹಸ್ತೋದಕಗಳೊಡನೆ ಸಂಭ್ರಮದಿಂದ ಸಿದ್ಧರಾಗುತ್ತೇವೆ. ಅಗಲಿಕೆಯ ದಿನವನ್ನು ಕೃತಜ್ಞತೆಯ ದಿನವನ್ನಾಗಿ ಮಾಡಿಕೊಳ್ಳುವ ವಿದ್ಯೆಯು ನಮ್ಮ ಮಠಮಂದಿರಗಳಲ್ಲಿ ಶತಮಾನಗಳಿಂದ ನಡೆದುಬಂದಿದೆ. ಅದನ್ನು ಮನೆಗೂ ತರಬೇಕು. ದಿನವು ಯಾರ ಮೇಲೂ ಮುನಿಯದು, ಯಾರಿಗೂ ಒಲಿಯದು. ದಿನಗಳ ಒಡೆಯನನ್ನು ನೆನೆದು, ಆ ದಿನದಲ್ಲಿ ಬಂದವರನ್ನೂ ಹೋದವರನ್ನೂ ಅವನ ಪಾದಕ್ಕೆ ಒಪ್ಪಿಸುವುದು ನಮ್ಮ ಕರ್ತವ್ಯ.

॥ ಶ್ರೀಕೃಷ್ಣಾರ್ಪಣಮಸ್ತು ॥