ಎಷ್ಟು ಬ್ಯಾಟರಿ ಸಾಕು?

2022ರಲ್ಲಿ ಬಂದ ಟಾಟಾ ಟಿಯಾಗೊ ಇವಿ ಎರಡು ಬ್ಯಾಟರಿಗಳಲ್ಲಿ ಸಿಕ್ಕಿತು: 19.2 ಮತ್ತು 24 ಕಿಲೋವ್ಯಾಟ್ ಅವರ್. ಕಂಪನಿ ಆಗ ಹೇಳಿದ ಓಟ 250 ಮತ್ತು 315 ಕಿಲೋಮೀಟರ್. ಏಸಿ ಹಾಕಿ ರಸ್ತೆಗಿಳಿದರೆ ಎರಡೂ ಕುಗ್ಗುತ್ತವೆ. ದಿನಕ್ಕೆ 40 ಕಿಲೋಮೀಟರ್ ಓಡಾಡಿ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡುವವರಿಗೆ ಚಿಕ್ಕದೇ ಧಾರಾಳ. ಆದರೂ ಕೈ ದೊಡ್ಡದರ ಕಡೆಗೇ ಹೋಗುತ್ತದೆ. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣ, ಅಂದರೆ ಸ್ವತ್ತಿಗೆ ಮಿತಿ ಹಾಕಿಕೊಳ್ಳುವುದು, ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲ ಬಿಡುವುದು ಮುನಿಗಳ ಪಾಡು. ಗೃಹಸ್ಥ ಇಷ್ಟು ಸಾಕೆಂದು ಮೊದಲೇ ಗೆರೆ ಎಳೆದುಕೊಂಡರಾಯಿತು. ಮೊದಲೇ ಎಂಬುದು ಮುಖ್ಯ. ಶೋರೂಮಿನಲ್ಲಿ ಕೂತು ಎಳೆದ ಗೆರೆ ನಿಲ್ಲುವುದಿಲ್ಲ, ಮಾಸಿಕ ಕಂತಿನ ಲೆಕ್ಕದಲ್ಲಿ ಅಲ್ಲಿ ಎಲ್ಲವೂ ‘ಇನ್ನೊಂದು ಸ್ವಲ್ಪ’ವೇ.

ಬ್ಯಾಟರಿ ಸವೆಯುತ್ತದೆ, ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದೀತು, ಹೆಚ್ಚುವರಿ ಇಟ್ಟುಕೊಳ್ಳುವುದು ವಿವೇಕವಲ್ಲವೇ ಎನ್ನಬಹುದು. ಒಪ್ಪತಕ್ಕ ಮಾತು. ಜೈನರ ಗ್ರಂಥವಾದ ತತ್ತ್ವಾರ್ಥಸೂತ್ರ ಕೂಡ ಪರಿಗ್ರಹವನ್ನು ಗುರುತಿಸುವುದು ಮೋಹದಿಂದ, ವಸ್ತುವಿನ ಗಾತ್ರದಿಂದಲ್ಲ. ಬೆಂಗಳೂರಿನಿಂದ ಮೈಸೂರಿಗೆ, ಸುಮಾರು 145 ಕಿಲೋಮೀಟರ್, ವಾರವಾರ ಹೋಗುವವರಿಗೆ ದೊಡ್ಡ ಬ್ಯಾಟರಿ ಅಗತ್ಯವೇ ಸರಿ. ವರ್ಷಕ್ಕೊಂದು ಪ್ರವಾಸದ ನೆಪದಲ್ಲಿ ಉಳಿದ ದಿನವೆಲ್ಲ ಹೆಚ್ಚಿನ ಲಿಥಿಯಂ ಹೊತ್ತು ತಿರುಗುವುದು ಬೇರೆ. ಆ ಲಿಥಿಯಂ ಎಲ್ಲೋ ನೆಲವನ್ನು ಅಗೆದು ತೆಗೆದದ್ದು, ವ್ರತದ ಹಿಂದಿನ ಅಹಿಂಸೆಗೆ ಅಲ್ಲೇ ತಕರಾರು. ಸೌಕರ್ಯಗಳದು ಇನ್ನೂ ನಾಜೂಕಿನ ಗಂಟು: ಕ್ರೂಸ್ ಕಂಟ್ರೋಲ್ ಬೇಕೆಂದವರು ಬಿಡುಗಡೆಯ ವೇಳೆಯಲ್ಲಿ ದೊಡ್ಡ ಬ್ಯಾಟರಿಯನ್ನೂ ಕೊಳ್ಳಲೇಬೇಕಿತ್ತು. ಒಂದು ಆಸೆಯ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಮಾರುವವರ ಎದುರು, ಯಾವುದು ತನ್ನದೇ ಆಸೆ ಎಂದು ಗ್ರಾಹಕನೇ ಬಿಡಿಸಿ ನೋಡಬೇಕು.