ಹರಿದ ಬಿಲ್ವದಳ

ಪೂಜೆಯ ಪತ್ರೆ ಕುಂದಿಲ್ಲದಿರಲೆಂದು ಒಂದು ಕ್ಷುದ್ರಜೀವಿಯನ್ನು ಕೊಲ್ಲಬಹುದೆ? ಈ ಪ್ರಶ್ನೆಯನ್ನು ನಾನು ಶಾಸ್ತ್ರಗ್ರಂಥದಲ್ಲಿ ಕಂಡವನಲ್ಲ. ನಮ್ಮ ಶಾಲೆಯ ಬಾಲಕಿಯೊಬ್ಬಳ ಬಾಯಿಂದ ಕೇಳಿದೆನು.

1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದಂದಿನಿಂದ ಜಾಲಹಳ್ಳಿಯ ಸುತ್ತಣ ಹೊಲತೋಟಗಳು ಸರಿದು ಮನೆಗಳೆದ್ದಿವೆ. ಇಲ್ಲಿಯ ಮಕ್ಕಳಿಗೆ ಹುಳುವೆಂದರೆ ಹೇಸಿಗೆ. ಪುಸ್ತಕದ ಪ್ರಾಣಿಪಾಠವನ್ನು ಬಯಲಿನಲ್ಲಿ ಕಲಿಯಲಿ ಎಂದು ಅವರನ್ನು ನಗರದ ಆಚೆಯ ತುದಿಯ ಬನ್ನೇರುಘಟ್ಟಕ್ಕೆ ಕರೆದೊಯ್ದೆವು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅರಣ್ಯವದು. ಹುಲಿಸಿಂಹಗಳನ್ನು ಕಂಡು ಮಕ್ಕಳು ಹರ್ಷಿಸಿದರು. ಆದರೆ ನನಗೆ ಪಾಠವಾದುದು ಅಲ್ಲಿಯೇ 2006ರಲ್ಲಿ ತೆರೆದ ಚಿಟ್ಟೆಗಳ ಉದ್ಯಾನದಲ್ಲಿ.

ಅಲ್ಲಿ ಹೂಗಿಡಗಳೊಡನೆ, ಮರಿಹುಳುಗಳು ತಿನ್ನಲೆಂದೇ ಬೆಳೆಸಿದ ಗಿಡಗಳೂ ಉಂಟು. ಚಿಟ್ಟೆಯು ಯಾವ ಹೂವಿನ ಮಧುವನ್ನು ಸವಿದರೂ, ಮೊಟ್ಟೆಯಿಡಲು ತನ್ನ ಮರಿಗೆ ಒಗ್ಗುವ ಎಲೆಯನ್ನೇ ಅರಸುವುದು. ನಿಂಬೆಯ ಚಿಟ್ಟೆಗೆ ನಿಂಬೆ, ಕರಿಬೇವು, ಬಿಲ್ವಗಳು ಬೇಕು. ಇವು ಮೂರೂ ಒಂದೇ ಕುಲದವು. ಅದರ ಮರಿಯು ಮೊದಲು ಹಕ್ಕಿಯ ಹಿಕ್ಕೆಯಂತೆ ತೋರಿ ಹಗೆಯ ಕಣ್ಣು ತಪ್ಪಿಸುವುದು, ಬೆಳೆದ ಮೇಲೆ ಎಲೆಯ ಹಸುರನ್ನೇ ತೊಡುವುದು, ಕಡೆಗೆ ಕೋಶದೊಳಗೆ ಅಡಗಿ ರೆಕ್ಕೆ ಪಡೆಯುವುದು. “ಎಲೆ ಹರಿಯದೆ ಚಿಟ್ಟೆಯಿಲ್ಲ” ಎಂದು ನಾನೇ ಮಕ್ಕಳಿಗೆ ವಿವರಿಸಿದೆನು.

ಹಿಂದಿರುಗುವಾಗ ಆ ಬಾಲಕಿ ಕೇಳಿದಳು: “ಗುರುಗಳೇ, ನಮ್ಮ ಶಾಲೆಯ ಬಿಲ್ವದ ಹುಳುಗಳಿಗೆ ಔಷಧಿ ಹೊಡೆಸಿದಿರಲ್ಲಾ, ಅವೂ ಚಿಟ್ಟೆಯಾಗುವ ಹುಳುಗಳೇ?”

ಹೊಡೆಸಿದ್ದು ನಿಜ. ಹರಿದ ದಳ ಪೂಜೆಗೆ ಸಲ್ಲದೆಂಬ ಭಾವನೆಯಿಂದ ನಾನೇ ಅಪ್ಪಣೆ ಕೊಟ್ಟಿದ್ದೆನು. ಉತ್ತರ ಹೊಳೆಯಲಿಲ್ಲ.

ಬೆಳೆಯನ್ನು ಕಾಯುವುದು ರೈತನ ಕಾಯಕವಲ್ಲವೆ ಎಂದು ಗೃಹಸ್ಥರು ಕೇಳಬಹುದು. ಅಹುದು, ಅವನ ಮನೆಯ ಅನ್ನವೂ ಮಠದ ದಾಸೋಹವೂ ಆ ಬೆಳೆಯಿಂದಲೇ ನಡೆಯಬೇಕು. ಅಲ್ಲಿ ಅಗತ್ಯವುಂಟು, ಅದಕ್ಕೊಂದು ಮಿತಿಯೂ ಉಂಟು. ನನ್ನ ಸಂಗತಿ ಹಾಗಲ್ಲ. ನಮ್ಮ ಮರದಲ್ಲಿ ಪೂಜೆಗೆ ಸಾಕಾಗಿ ಮಿಗುವಷ್ಟು ಪತ್ರೆಯಿದ್ದಿತು. ನಾನು ಸಹಿಸದೆ ಹೋದುದು ಕೊರತೆಯನ್ನಲ್ಲ, ಕಣ್ಣಿಗೆ ಕಂಡ ಕುಂದನ್ನು. ಭಕ್ತಿಯ ಹೆಸರಿನಲ್ಲಿ ಕಾಪಾಡಿದುದು ನನ್ನ ಅಚ್ಚುಕಟ್ಟನ್ನು.

ಬಸವಣ್ಣನವರು ಧರ್ಮಕ್ಕೆ ದಯೆಯನ್ನೇ ಮೂಲವೆಂದು ಸಾರಿ, ಅದನ್ನು ಸಕಲ ಪ್ರಾಣಿಗಳಿಗೂ ಸಲ್ಲಿಸಿದರು. ಅದನ್ನು ಮಕ್ಕಳಿಗೆ ಬೋಧಿಸಿದ ನಾಲಗೆಯೇ ವಿಷ ಹೊಡೆಯಲು ಅಪ್ಪಣೆ ಕೊಟ್ಟಿತು! ಅರಿವು ಆಚಾರಕ್ಕೆ ಇಳಿಯದಿದ್ದರೆ ಅದು ಬರಿಯ ಕಂಠಪಾಠ. ಲಿಂಗಕ್ಕೆ ಅರ್ಪಿಸಿ ಉಳಿದುದನ್ನು ಪ್ರಸಾದವೆನ್ನುವ ನಾವು, ಮರವನ್ನು ಇತ್ತಾತನು ಅದರ ಎಲೆಯನ್ನೆಲ್ಲ ನಮಗೇ ಇತ್ತನೆಂದು ತಿಳಿಯುವುದು ಸರಿಯೆ?

ಮರುದಿನ ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆನು. ಈಗ ಆ ಮರಕ್ಕೆ ಔಷಧಿಯಿಲ್ಲ. ಮಕ್ಕಳು ಹುಳುವಿಲ್ಲದ ಕೊಂಬೆಯಿಂದ ಪತ್ರೆ ಬಿಡಿಸಿ ತರುತ್ತಾರೆ. ಒಂದು ದಿನ ಬುಟ್ಟಿಯಲ್ಲಿ ಅಂಚು ಹರಿದ ದಳವೊಂದು ಬಂದಿತು. ಅದನ್ನು ಬದಿಗಿಡಲು ಕೈ ಬರಲಿಲ್ಲ. ಹಾಗೆಯೇ ಲಿಂಗಕ್ಕೆ ಅರ್ಪಿಸಿದೆನು.