ಗೃಹಪಾಠದ ಧರ್ಮಾಧರ್ಮಗಳು

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದ ಮೇಲೆ ಮಿತ್ರರೊಬ್ಬರು ನನ್ನನ್ನು ಜಗಲಿಯಲ್ಲಿ ತಡೆದು, “ಮೇಷ್ಟ್ರೇ, ನೀವು ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಶಾಲೆಯವರು ಮನೆಗೆ ಪಾಠ ಕೊಟ್ಟು ಕಳುಹಿಸುವುದು ನ್ಯಾಯವೋ ಅನ್ಯಾಯವೋ, ಒಂದು ಮಾತಿನಲ್ಲಿ ಹೇಳಿಬಿಡಿ” ಎಂದು ಕೇಳಿದರು. ಅವರ ಮನೆಯಲ್ಲಿ ಎರಡನೆಯ ತರಗತಿಯಲ್ಲಿ ಓದುವ ಮೊಮ್ಮಗಳೊಬ್ಬಳಿದ್ದಾಳೆ. ರಾತ್ರಿ ಒಂಬತ್ತೂವರೆಯಾದರೂ ಆ ಮಗು ತೂಕಡಿಸುತ್ತ ಬರೆಯುವುದು, ತಾಯಿ ಗದರುವುದು, ಕೊನೆಗೆ ಆ ತಾಯಿಯೇ ಪುಸ್ತಕವನ್ನು ಎಳೆದುಕೊಂಡು, ಉಪಾಧ್ಯಾಯಿನಿಗೆ ಸಂಶಯ ಬಾರದಂತೆ ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಬರೆದು ಮುಗಿಸುವುದು, ಇದು ಅಲ್ಲಿ ನಿತ್ಯದ ಕಥೆಯಂತೆ. ಅವರು ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಏತಕ್ಕೆಂಬುದು ಮುಂದೆ ತಿಳಿದೀತು. “ಯೋಚಿಸಿ ಬರೆಯುತ್ತೇನೆ” ಎಂದು ಹೇಳಿ ಬಂದೆ. ಆ ಮಾತನ್ನು ಈಗ ತೀರಿಸುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಪಂಡಿತರು ಇದಕ್ಕೆ ಗೃಹಪಾಠವೆಂದು ಹೆಸರಿಟ್ಟರು. ಮಕ್ಕಳು ಹೋಂವರ್ಕ್ ಎನ್ನುತ್ತಾರೆ. ನಡುವೆ ಕೆಲವರು ಮನೆಗೆಲಸವೆಂದು ಕರೆದರು. ಆದರೆ ನಮ್ಮ ಭಾಷೆಯಲ್ಲಿ ಮನೆಗೆಲಸವೆಂದರೆ ಕಸ ಗುಡಿಸುವುದು, ಮುಸುರೆ ತಿಕ್ಕುವುದು, ನೀರು ಹೊರುವುದು, ತೊಟ್ಟಿಲು ತೂಗುವುದು ಎಂಬ ಅರ್ಥ ಮೊದಲಿನಿಂದಲೇ ರೂಢವಾಗಿದೆ. ಒಂದು ಶಬ್ದಕ್ಕೆ ಎರಡು ಅರ್ಥಗಳು ಅಂಟಿಕೊಂಡದ್ದು ವೈಯಾಕರಣರಿಗೆ ತೊಡಕಾದರೂ ಲೋಕಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಎಷ್ಟೋ ಮನೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಸಂಜೆಯ ಎರಡು ಗಂಟೆಗಳ ಮೇಲೆ ಈ ಎರಡು ಮನೆಗೆಲಸಗಳೂ ಒಟ್ಟಿಗೆ ಹಕ್ಕು ಸಾಧಿಸುತ್ತವೆ. ಶಾಲೆಯವರಿಗೆ ತಾವು ಕೊಟ್ಟುದು ಮಾತ್ರ ಕಾಣುತ್ತದೆ.

ನಾನು ಬಾಲ್ಯದಲ್ಲಿ ಏಳು ವರ್ಷ ಸಂಸ್ಕೃತ ಪಾಠಶಾಲೆಯೊಂದರಲ್ಲಿ ಓದಿದವನು. ಅಲ್ಲಿ ಗೃಹಪಾಠವೆಂಬುದು ಇರಲಿಲ್ಲ. ಏಕೆಂದರೆ ಪಾಠಕ್ಕೂ ಊಟಕ್ಕೂ ನಿದ್ರೆಗೂ ಅದೊಂದೇ ಗೃಹ. ಹಾಗೆಂದು ಅಭ್ಯಾಸ ಕಡಮೆಯಿತ್ತೆಂದು ಯಾರೂ ಭಾವಿಸಬಾರದು. ಬೆಳಗ್ಗೆ ಗುರುಗಳು ಹೇಳಿಕೊಟ್ಟುದನ್ನು ಮಧ್ಯಾಹ್ನ ಹಿರಿಯ ವಿದ್ಯಾರ್ಥಿಯೊಬ್ಬನು ನಾಲ್ಕೈದು ಮಂದಿ ಕಿರಿಯರನ್ನು ಕೂಡಿಸಿಕೊಂಡು ಹತ್ತಾರು ಸಲ ಹೇಳಿಸುತ್ತಿದ್ದನು. ಗುರುಗಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕುಳಿತಿರುವರು. ನಿದ್ರಿಸುತ್ತಿರುವರೆಂದು ನಾವು ತಿಳಿದ ಕ್ಷಣದಲ್ಲಿಯೇ, ಯಾರೋ ದೀರ್ಘವನ್ನು ಹ್ರಸ್ವಮಾಡಿದ್ದಕ್ಕೆ ಕೆಮ್ಮುವರು. ದೀಪ ಹಚ್ಚಿದ ಮೇಲೆ ಅಮರಕೋಶ, ಶಬ್ದರೂಪಗಳು. ಈಗಿನ ಮಕ್ಕಳು ಆ ಪ್ರಮಾಣದ ಬಾಯಿಪಾಠವನ್ನು ಕಂಡರೆ ಓಡಿಹೋದಾರು. ಆದರೆ ತಪ್ಪಿದವನನ್ನು ತಿದ್ದುವವನು ಪಕ್ಕದಲ್ಲಿಯೇ ಇರುತ್ತಿದ್ದನು. ದೀಪವೂ ಎಲ್ಲರಿಗೂ ಒಂದೇ. ಆ ಪಾಠಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತೆಂಬುದನ್ನು ನಾನು ಮರೆತಿಲ್ಲ. ಒಳಗಿದ್ದವರಿಗಿಂತ ಹೊರಗಿದ್ದವರೇ ಬಹಳ, ಹೆಣ್ಣುಮಕ್ಕಳಂತೂ ಒಬ್ಬರೂ ಇಲ್ಲ. ಆದುದರಿಂದ ಹಿಂದಿನ ಕಾಲವೇ ಸರಿಯೆಂದು ಹೊಗಳಲು ನಾನು ಹೊರಟಿಲ್ಲ. ಅಭ್ಯಾಸ ಬೇರೆ, ಅಭ್ಯಾಸವನ್ನು ಮನೆಯ ಮೇಲೆ ಹೊರಿಸುವುದು ಬೇರೆ ಎಂಬಷ್ಟು ಮಾತ್ರವೇ ನನ್ನ ಅಭಿಪ್ರಾಯ.

ಅನಧ್ಯಾಯಗಳ ವಿಷಯವನ್ನೂ ಇಲ್ಲಿ ನೆನೆಯಬೇಕು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳಂದು ನಮಗೆ ಪಾಠವಿರಲಿಲ್ಲ. ಧರ್ಮಶಾಸ್ತ್ರಕಾರರು ವೇದಾಧ್ಯಯನಕ್ಕೆ ಹೇಳಿದ ಅನಧ್ಯಾಯಗಳ ಪಟ್ಟಿ ಇನ್ನೂ ಉದ್ದವಾಗಿದೆ: ಅಕಾಲದಲ್ಲಿ ಗುಡುಗಿದರೆ ಪಾಠವಿಲ್ಲ, ಧೂಳಿನ ಗಾಳಿ ಎದ್ದರೆ ಇಲ್ಲ, ನರಿ ಕೂಗಿದರೆ ಇಲ್ಲ, ಮನೆಗೆ ಶಿಷ್ಟನಾದ ಅತಿಥಿ ಬಂದರೂ ಇಲ್ಲವೆಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಇವುಗಳ ಕಾರಣಗಳನ್ನು ಪಂಡಿತರು ಬೇಕಾದಂತೆ ವಿವರಿಸಲಿ. ಓದನ್ನು ಅಷ್ಟು ದೊಡ್ಡದೆಂದು ತಿಳಿದವರೇ ಓದಬಾರದ ಹೊತ್ತೊಂದುಂಟೆಂದೂ ತಿಳಿದಿದ್ದರೆಂಬುದು ನನಗೆ ಮುಖ್ಯ. ಇಂದು ಸೋದರಮಾವನು ಊರಿನಿಂದ ಬಂದರೆ ಮಗುವು ತಲೆಯೆತ್ತದೆ ಬರೆಯುತ್ತಿರುತ್ತದೆ. “ಮಾತನಾಡಿಸಬೇಡಿ, ಅದಕ್ಕೆ ಹೋಂವರ್ಕ್ ಇದೆ” ಎಂದು ದೊಡ್ಡವರೇ ಅತಿಥಿಯನ್ನು ತಡೆಯುತ್ತಾರೆ. ಇದನ್ನು ವಿದ್ಯಾಭಿಮಾನವೆಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ.

ಪಾಠಶಾಲೆಯಲ್ಲಿ ಕಲಿತವರಿಗೆಲ್ಲ ಪರಿಚಿತವಾದ ಒಂದು ವಿಭಾಗವಿದೆ. ವಿದ್ಯೆಯ ನಾಲ್ಕು ಪಾಲಿನಲ್ಲಿ ಒಂದು ಗುರುವಿನಿಂದ, ಒಂದು ಸ್ವಂತ ಬುದ್ಧಿಯಿಂದ, ಒಂದು ಸಹಪಾಠಿಗಳಿಂದ, ಉಳಿದ ಒಂದು ಕಾಲಕ್ರಮದಿಂದ ಬರುತ್ತದೆಂದು ಹಿರಿಯರು ಹೇಳಿದ್ದಾರೆ. ಇದರಲ್ಲಿ ತಂದೆಯ ಪಾಲು ಎಲ್ಲಿ? ತಾಯಿಯ ಪಾಲು ಎಲ್ಲಿ? ಅವರು ವಿದ್ಯಾವಂತರಾಗಿದ್ದರೆ ಮಗುವಿನ ಭಾಗ್ಯ, ಆಗಿಲ್ಲದಿದ್ದರೆ ಮಗುವಿನ ಅಪರಾಧವಲ್ಲ. ಗೃಹಪಾಠವನ್ನು ಕೊಟ್ಟು, ಅದನ್ನು ನೋಡಿ ಅಂಕವನ್ನೋ ಬೈಗುಳನ್ನೋ ಹಂಚುವ ಉಪಾಧ್ಯಾಯನು ಈ ನಾಲ್ಕು ಪಾಲುಗಳ ಹೊರಗೆ ಐದನೆಯದೊಂದನ್ನು ಸೇರಿಸಿ, ಅದನ್ನೇ ಅಳೆಯುತ್ತಾನೆ.

ಈ ದೂರು ಹೊಸತೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೦೧ರಷ್ಟು ಹಿಂದೆಯೇ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಮನೆಯ ಅಭ್ಯಾಸವನ್ನು ಕಡ್ಡಾಯಮಾಡಕೂಡದೆಂದು ಶಾಸನವಾಗಿತ್ತು. ಕೆಲವು ವರ್ಷಗಳಲ್ಲಿ ರದ್ದಾಯಿತು. ನಮ್ಮಲ್ಲಿ ಮೈಸೂರಿನ ಆರ್. ಕೆ. ನಾರಾಯಣರು ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗ, ೧೯೮೯ರಲ್ಲಿ, ಮಕ್ಕಳ ಪುಸ್ತಕದ ಚೀಲವನ್ನೂ ಬೆಳಗಿನಿಂದ ರಾತ್ರಿಯವರೆಗಿನ ಅವರ ಶ್ರಮವನ್ನೂ ಕುರಿತು ಮಾತನಾಡಿ, ಆ ಚೀಲವನ್ನೇ ತೆಗೆದುಹಾಕಬೇಕೆಂದು ಕೇಳಿದರು. ೧೯೯೨ರಲ್ಲಿ ನೇಮಕವಾದ ಯಶಪಾಲ್ ಸಮಿತಿಯು ಮರುವರ್ಷ ಕೊಟ್ಟ ವರದಿಯಲ್ಲಿ ಪ್ರಾಥಮಿಕ ತರಗತಿಗಳಿಗೆ ಗೃಹಪಾಠವೇ ಬೇಡ, ಸುತ್ತಲಿನದನ್ನು ನೋಡಿ ತಿಳಿಯುವ ಕೆಲಸವಿದ್ದರೆ ಸಾಕೆಂದು ಹೇಳಿತು. ೨೦೧೮ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಒಂದನೆಯ, ಎರಡನೆಯ ತರಗತಿಗಳಿಗೆ ಗೃಹಪಾಠ ಕೊಡಕೂಡದೆಂದು ಆಜ್ಞೆ ಮಾಡಿತು. ೨೦೨೦ರ ಕೇಂದ್ರದ ಶಾಲಾಚೀಲ ನೀತಿಯು ಎರಡನೆಯ ತರಗತಿಯವರೆಗೆ ಏನೂ ಇಲ್ಲ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ೨ ಗಂಟೆ, ಆರರಿಂದ ಎಂಟರವರೆಗೆ ದಿನಕ್ಕೆ ೧ ಗಂಟೆ, ಅದರ ಮೇಲೆ ದಿನಕ್ಕೆ ೨ ಗಂಟೆ ಎಂದು ಅಳತೆ ಹಾಕಿಕೊಟ್ಟಿತು. ಇಷ್ಟೆಲ್ಲ ಆದಮೇಲೆಯೂ ನನ್ನ ಮಿತ್ರರ ಸೊಸೆ ಎಡಗೈಯಲ್ಲಿ ಬರೆಯುತ್ತಿದ್ದಾಳೆ. ಗಂಟೆಯ ಲೆಕ್ಕದಿಂದ ತೀರುವ ಪ್ರಶ್ನೆ ಇದಲ್ಲವೆಂದು ನನಗೆ ತೋರುವುದು ಈ ಕಾರಣದಿಂದಲೂ, ಈಗ ಹೇಳಲಿರುವ ಮತ್ತೊಂದು ಕಾರಣದಿಂದಲೂ.

ತೊಂಬತ್ತರ ದಶಕದ ನಡುವೆ ನಾನು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ಕನ್ನಡ, ಸಂಸ್ಕೃತಗಳನ್ನು ಹೇಳುತ್ತಿದ್ದೆನು. ಗೃಹಪಾಠದಲ್ಲಿ ನನಗಿದ್ದ ನಿಷ್ಠೆ ಆಗ ಯಾರಿಗೂ ಕಡಮೆಯದಲ್ಲ. ದಿನಕ್ಕೊಂದು ಶಬ್ದದ ರೂಪಗಳು, ಐದು ವಾಕ್ಯಗಳು, ತಪ್ಪಿದವರು ಬಾಗಿಲ ಹೊರಗೆ. ಒಂಬತ್ತನೆಯ ತರಗತಿಯಲ್ಲಿ ಹುಡುಗನೊಬ್ಬನ ಪುಸ್ತಕವು ಮುತ್ತು ಪೋಣಿಸಿದಂತಿರುತ್ತಿತ್ತು. ನಾನು ದಿನವೂ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದು ಇತರರಿಗೆ ತೋರಿಸುತ್ತಿದ್ದೆನು. ಒಂದು ದಿನ ಲಕ್ಷ್ಮೀ ಶಬ್ದವನ್ನು ಬರೆದ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಕ್ಷರಗಳಲ್ಲಿ ಒಂದು ಪ್ರಶ್ನೆ ಕಂಡಿತು: ನದೀ ಎಂಬುದಕ್ಕೆ ಇಲ್ಲದ ವಿಸರ್ಗವು ಲಕ್ಷ್ಮೀಃ ಎಂಬುದಕ್ಕೆ ಏಕೆ ಬಂದಿತು?

ಬಲ್ಲವರಿಗೆ ಗೊತ್ತು, ಇದು ಬರಿದೆ ನಕಲು ಮಾಡುವವರು ಕೇಳುವ ಪ್ರಶ್ನೆಯಲ್ಲ. ನನಗೆ ಪರಮಾನಂದವಾಯಿತು. ಹುಡುಗನನ್ನು ಕರೆದು ನದೀ ಶಬ್ದವನ್ನು ಹೇಳೆಂದೆ. ದ್ವಿತೀಯೆಯಲ್ಲಿಯೇ ನಿಂತನು.

“ಇದನ್ನು ಬರೆದವರು ಯಾರೋ?”

“ಅಕ್ಕ, ಸಾರ್.”

ವಿಚಾರಿಸಲಾಗಿ, ಅವಳನ್ನು ಏಳನೆಯ ತರಗತಿಗೆ ಬಿಡಿಸಿದ್ದರೆಂದೂ, ತಾಯಿ ಕೂಲಿಗೆ ಹೋಗುವುದರಿಂದ ಮನೆಯನ್ನೂ ಕೈಗೂಸನ್ನೂ ಅವಳೇ ನೋಡಿಕೊಳ್ಳುವಳೆಂದೂ, ರಾತ್ರಿ ಎಲ್ಲರೂ ಮಲಗಿದ ಮೇಲೆ ತಮ್ಮನ ಪುಸ್ತಕಗಳನ್ನು ಓದಿ ಅವನ ಪಾಠವನ್ನೆಲ್ಲ ಬರೆದಿಡುವಳೆಂದೂ ತಿಳಿಯಿತು. ಅವಳು ಸಂಸ್ಕೃತವನ್ನು ಯಾವ ಶಾಲೆಯಲ್ಲಿಯೂ ಕಲಿತವಳಲ್ಲ. ನಾನು ತಮ್ಮನಿಗೆ ಕೊಟ್ಟ ಗೃಹಪಾಠವೇ ಅವಳಿಗೆ ಶಾಲೆಯಾಗಿದ್ದಿತು.

ಆಗ ನಾನು ಮಾಡಿದ್ದೇನು? ಇದು ವಂಚನೆಯೆಂದು ಹುಡುಗನನ್ನು ಎಲ್ಲರೆದುರಿಗೆ ಬೈದೆ. ಮೊದಲಿನಿಂದ ಆ ದಿನದವರೆಗಿನ ಪಾಠವನ್ನೆಲ್ಲ ಅವನ ಕೈಯಿಂದಲೇ ಮತ್ತೆ ಬರೆಸಿದೆ. ಇನ್ನು ಮೇಲೆ ಬೇರೊಬ್ಬರ ಅಕ್ಷರ ಕಂಡರೆ ತರಗತಿಗೆ ಸೇರಿಸುವುದಿಲ್ಲವೆಂದೆ. ಅವನು ಹೆದರಿದನು, ಆ ಅಕ್ಷರವು ಮತ್ತೆ ಕಾಣಲಿಲ್ಲ. ಸತ್ಯವನ್ನು ಕಾಪಾಡಿದೆನೆಂಬ ಸಂತೋಷದಲ್ಲಿ ಆ ರಾತ್ರಿ ನಾನು ಚೆನ್ನಾಗಿ ನಿದ್ರಿಸಿದೆನು. ಅವಳ ಪ್ರಶ್ನೆಗೆ ಉತ್ತರ ಎರಡು ವಾಕ್ಯಗಳಷ್ಟು: ನದೀ ಶಬ್ದದ ಕೊನೆಯ ಈಕಾರವು ಸ್ತ್ರೀಪ್ರತ್ಯಯವಾದ್ದರಿಂದ ಅದರ ಮುಂದೆ ಪ್ರಥಮೈಕವಚನದ ಪ್ರತ್ಯಯವು ಲೋಪವಾಗುತ್ತದೆ, ಲಕ್ಷ್ಮೀ ಶಬ್ದದ ಈಕಾರವು ಸ್ತ್ರೀಪ್ರತ್ಯಯವಲ್ಲ, ಉಣಾದಿಯದು, ಆದಕಾರಣ ಅಲ್ಲಿ ಪ್ರತ್ಯಯವು ಉಳಿದು ವಿಸರ್ಗವಾಗುತ್ತದೆ. ಇಷ್ಟನ್ನು ಅದೇ ಅಂಚಿನಲ್ಲಿ ಬರೆದು ಕಳುಹಿಸಲು ನನಗೆ ಎರಡು ನಿಮಿಷ ಹಿಡಿಯುತ್ತಿರಲಿಲ್ಲ. ಬರೆಯಲಿಲ್ಲ. ಆ ಮನೆ ಶಾಲೆಯಿಂದ ಒಂದು ಮೈಲಿಯೂ ಇರಲಿಲ್ಲ, ಹೋಗಿ ತಂದೆಯೊಡನೆ ಮಾತನಾಡಬಹುದಾಗಿತ್ತು; ಹೋಗಲಿಲ್ಲ. ಮರುವರ್ಷ ನನಗೆ ವರ್ಗವಾಯಿತು.

ನಾನು ಗೃಹಪಾಠವನ್ನು ಕುರಿತು ಸುಲಭವಾಗಿ ತೀರ್ಪು ಹೇಳಲಾರದುದು ಈ ಕಾರಣದಿಂದ. ಅದು ಅನ್ಯಾಯವೆಂದು ಪೂರ್ತಿಯಾಗಿ ತೆಗೆದುಹಾಕೋಣವೆಂದರೆ, ಮುಚ್ಚಿದ ಮನೆಯೊಂದರೊಳಗೆ ಅದೇ ಒಂದು ಕಿಂಡಿಯಾಗಿದ್ದುದು ನೆನಪಿಗೆ ಬರುತ್ತದೆ. ನ್ಯಾಯವೆನ್ನೋಣವೆಂದರೆ, ನಾನು ವರ್ಷವಿಡೀ ‘ಉತ್ತಮ’ ಎಂದು ಬರೆದುದು ಯಾರಿಗೆ, ಹೊರಗೆ ನಿಲ್ಲಿಸಿದ ಉಳಿದ ಮಕ್ಕಳ ಮನೆಗಳಲ್ಲಿ ರಾತ್ರಿ ಏನು ನಡೆಯುತ್ತಿತ್ತು, ಯಾವುದನ್ನೂ ತಿಳಿಯದೆಯೇ ನ್ಯಾಯಾಧೀಶನಾಗಿದ್ದೆನು. ದೋಷವು ಪಾಠ ಕೊಟ್ಟುದರಲ್ಲಿ ಅಷ್ಟಾಗಿ ಇರಲಿಲ್ಲ. ಕಾಣದ ಮನೆಯಲ್ಲಿ ನಡೆದುದನ್ನು ಕಂಡವನಂತೆ ದಂಡಿಸಿದುದರಲ್ಲಿಯೂ ಮೆಚ್ಚಿದುದರಲ್ಲಿಯೂ ಇತ್ತು. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಮೆಚ್ಚುಗೆಯ ತಪ್ಪನ್ನು ಯಾವ ಕಾಯಿದೆ ತಡೆದೀತು?

೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ವಿದ್ಯಾಭ್ಯಾಸವೆಲ್ಲವೂ ಗೃಹಪಾಠವೇ ಆಯಿತು. ನಾನು ಆಗ ನಿವೃತ್ತನಾಗಿ ಒಂದು ವರ್ಷವಾಗಿತ್ತು. ಮೊಬೈಲು ಇದ್ದ ಮನೆಯ ಮಗು ಒಂದು ಕಡೆ, ತಂದೆಯ ಜೇಬಿನೊಡನೆ ಮೊಬೈಲೂ ಕೆಲಸಕ್ಕೆ ಹೊರಟುಹೋಗುತ್ತಿದ್ದ ಮನೆಯ ಮಗು ಒಂದು ಕಡೆ. ನಮ್ಮ ರಾಜ್ಯದಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಉಪಾಧ್ಯಾಯರು ಗುಡಿಯ ಅಂಗಳ, ಮರದ ನೆರಳು, ಸಮುದಾಯ ಭವನಗಳಲ್ಲಿ ಸಣ್ಣ ಗುಂಪುಗಳನ್ನು ಕೂಡಿಸಿದರು, ಸೋಂಕಿನ ಭಯದಿಂದ ಅದು ಅಕ್ಟೋಬರಿನಲ್ಲಿ ನಿಂತಿತು. ನಡೆದಷ್ಟು ದಿನ ಅಲ್ಲಿ ನಾನು ಕಂಡದ್ದು ಒಂದು: ಮನೆಯಲ್ಲಿ ಆಗದ ಮಗ್ಗಿಯು ನಾಲ್ಕು ಮಂದಿ ಜೊತೆಯವರೊಡನೆ ಅರಳಿಕಟ್ಟೆಯ ಮೇಲೆ ಆಗುತ್ತಿತ್ತು. ಸಹಪಾಠಿಗಳ ಪಾಲೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

“ಅಭ್ಯಾಸವಿಲ್ಲದೆ ಲೆಕ್ಕ ಬಂದೀತೇ?” ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಿದ್ದರು. ಬಾರದು. “ಮನೆಗೆ ಏನೂ ಕೊಡದಿದ್ದರೆ ತಂದೆತಾಯಿಗಳೇ ಬಂದು ಜಗಳವಾಡುತ್ತಾರೆ” ಎಂದೂ ಹೇಳುತ್ತಿದ್ದರು. ಇದು ಇನ್ನೂ ನಿಜ. ಹಾಗಾದರೆ ಅಭ್ಯಾಸವನ್ನು ತಿದ್ದುವವರಿರುವ ಕಡೆಯಲ್ಲಿ, ಅಂದರೆ ಶಾಲೆಯಲ್ಲಿಯೇ, ಮಾಡಿಸಲಿ. ಹೊತ್ತು ಸಾಲದಿದ್ದರೆ ಹೊಸ ಪಾಠವನ್ನು ಕಡಮೆಮಾಡಲಿ. ಚಿಕ್ಕವರ ಮನೆಗೆ ಏನನ್ನೂ ಕಳುಹಿಸುವುದು ಬೇಡ. ದೊಡ್ಡವರಿಗೆ ಕೊಡುವುದಾದರೆ ಯಾವ ಮನೆಯಲ್ಲಿಯೂ ಆಗಬಹುದಾದ್ದನ್ನು ಕೊಡಲಿ: ಅಜ್ಜಿ ಬಳಸುವ ಹತ್ತು ಮಾತುಗಳನ್ನು ಕೇಳಿ ಬರುವುದು, ಸಂತೆಯ ಲೆಕ್ಕವನ್ನು ಬರೆದು ತರುವುದು, ಅರ್ಥವಾಗದ ಒಂದು ಪ್ರಶ್ನೆಯನ್ನು ತರುವುದು. ಅಂಕ ಬೇಡ. ತಾರದವನನ್ನು ಹೊರಗೆ ನಿಲ್ಲಿಸುವ ಬದಲು, ಏತಕ್ಕೆ ತರಲಿಲ್ಲವೆಂದು ಒಳಗೆ ಕೂಡಿಸಿ ಕೇಳಲಿ. ಅಕ್ಷರ ಬೇರೆಯಾಗಿದ್ದರೆ ಅದು ಯಾರದೆಂದೂ ಕೇಳಲಿ, ಆದರೆ ನಾನು ಕೇಳಿದ ಧ್ವನಿಯಲ್ಲಿ ಅಲ್ಲ.

ಒಂದು ಸೂಚನೆಯನ್ನು ನಮ್ಮ ಸಂಘದ ಮುಂದೆಯೇ ಇಡುತ್ತೇನೆ. ನಮ್ಮ ವಾಚನಾಲಯವು ಸಂಜೆ ಆರು ಗಂಟೆಗೆ ಮುಚ್ಚುತ್ತದೆ. ಒಳಗೆ ಎರಡು ಉದ್ದನೆಯ ಮೇಜುಗಳೂ ನಾಲ್ಕು ದೀಪಗಳೂ ಇವೆ. ರಾತ್ರಿಯೆಲ್ಲ ಅವು ಯಾರಿಗೂ ಉಪಯೋಗವಿಲ್ಲ. ಆರರಿಂದ ಎಂಟರವರೆಗೆ ಬಾಗಿಲು ತೆರೆದಿಡಲು ಕಾರ್ಯದರ್ಶಿಗಳು ಒಪ್ಪುವುದಾದರೆ, ಮನೆಯಲ್ಲಿ ಸ್ಥಳವಿಲ್ಲದ ಮಕ್ಕಳು ಬಂದು ಅಲ್ಲಿ ಓದಿಕೊಳ್ಳಬಹುದು. ವಾರದಲ್ಲಿ ಐದು ದಿನ ನಾನು ಬಂದು ಕುಳಿತುಕೊಳ್ಳುತ್ತೇನೆ. ಪಾಡ್ಯ, ಅಷ್ಟಮಿಗಳಂದು ಬೇಕಾದರೆ ಕಥೆ ಹೇಳುತ್ತೇನೆ. ದೀಪದ ಖರ್ಚನ್ನು ನನ್ನ ನಿವೃತ್ತಿವೇತನದಿಂದ ಕೊಡಲು ಅಡ್ಡಿಯಿಲ್ಲ. ಬರುವವರು ಯಾವ ಶಾಲೆಯವರು, ಯಾವ ತರಗತಿಯವರೆಂದು ಬಾಗಿಲಲ್ಲಿ ಕೇಳಬಾರದು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದರೂ ಒಳಗೆ ಬಿಡಬೇಕು ಎಂಬುದೊಂದೇ ನನ್ನ ನಿಬಂಧನೆ.